ಬೆಂಗ್ರೆಗೆ ಕೇಳಿತಾ?

ಇಸಿದೋರ್ ಬಾಬ್‌ಗೆ ಕಿವಿ ಕೇಳುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಯಾರೂ ಮೊದಲೇ ಹೇಳಲಿಲ್ಲ. ಅದರಿಂದ ನಾನು ಪಟ್ಟ ಪಾಡು ನಿಮಗೆ ಬೇಡ. ಕಿವಿ ಕೇಳದ ಮನುಷ್ಯ ಮನೆಯ ಹಿತ್ತಿಲಲ್ಲಿ ತೆಂಗಿನಕಾಯಿ ಸುಲಿದುಕೊಂಡಿದ್ದರೆ ಊರಿಗೆ ಏನೂ ತೊಂದರೆಯಿಲ್ಲ. ಇವರು ಮಂಗಳೂರಿನಲ್ಲಿ ಮೈಕ್ ಸರಿಯಿದೆಯೇ ಇಲ್ಲವೇ ಎಂದು ನೋಡಿ ಹೇಳುವ ಕೆಲಸದಲ್ಲಿದ್ದರು.

ಅದು ಸಾವಿರದ ಒಂಬೈನೂರ ಮೂವತ್ತೆಂಟು. ಹಂಪನಕಟ್ಟೆಯಲ್ಲಿ ಗ್ರೆಗರಿ ಬಾಬ್ ಅವರ ಗ್ರಾಮಾಫೋನ್ ಅಂಗಡಿ. ನಾನು, ಫಿಲಿಪ್, ಅಲ್ಲಿ ಬಿಲ್ಲು ಬರೆಯುವ ಗುಮಾಸ್ತ. ನಮ್ಮ ಕೊಂಕಣಿಯಲ್ಲಿ ಹಿರಿಯ ಗಂಡಸರಿಗೆ ಬಾಬ್, ಹೆಂಗಸರಿಗೆ ಬಾಯ್ ಎನ್ನುವುದು ಮರ್ಯಾದೆ. ಆ ವರ್ಷ ಗ್ರೆಗರಿ ಬಾಬ್ ಮದರಾಸಿನಿಂದ ಒಂದು ಮೈಕ್ ಸೆಟ್ಟು ತರಿಸಿದರು. ಒಂದು ಮೈಕ್, ಒಂದು ಭಾರದ ಪೆಟ್ಟಿಗೆ, ಎರಡು ಬ್ಯಾಟರಿ, ದೊಡ್ಡ ಬಾಯಿಯ ಒಂದು ಹಾರ್ನ್. ಅದು ಬಂದ ದಿನ ಅಂಗಡಿಯ ಮುಂದೆ ಎಷ್ಟು ಜನ ಸೇರಿದರೆಂದರೆ, ಯಾರೋ ತೀರಿಕೊಂಡಿದ್ದಾರೆ ಎಂದು ತಿಳಿದು ಇನ್ನಷ್ಟು ಜನ ಬಂದರು. ಅದನ್ನು ನೋಡಿಕೊಳ್ಳುವ ಕೆಲಸ ಇಸಿದೋರ್ ಬಾಬ್‌ಗೆ ಹೋಯಿತು. ಆಗ ಅವರಿಗೆ ನಲವತ್ತೆಂಟು. ಅಂಗಡಿಯಲ್ಲಿ ಗ್ರಾಮಾಫೋನ್ ರಿಪೇರಿ ಅವರದೇ. ಅದಕ್ಕಿಂತ ಮೊದಲು ಇಪ್ಪತ್ತು ವರ್ಷ ಇಗರ್ಜಿಯ ಹಬ್ಬಗಳಿಗೆ ಗರ್ನಾಲು ಎಂಬ ದೊಡ್ಡ ಸಿಡಿಮದ್ದು ಸಿಡಿಸುತ್ತಿದ್ದವರು. ಬತ್ತಿಗೆ ಬೆಂಕಿ ಕೊಟ್ಟು ಬೇರೆಯವರೆಲ್ಲ ಓಡಿದರೆ ಇವರು ನಾಲ್ಕು ಹೆಜ್ಜೆ ಹಿಂದೆ ಸರಿದು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದರಂತೆ. ಅಂಥವರ ಕಿವಿ ಎಷ್ಟು ದಿನ ಬಾಳುತ್ತದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೈಕ್ ಟೆಸ್ಟ್ ಮಾಡುವುದರಲ್ಲಿ ಅವರಿಗೆ ಅವರದೇ ಕ್ರಮವಿತ್ತು. ಆ ಕಾಲದ ಮೈಕಿನೊಳಗೆ ಇದ್ದಿಲ ಹುಡಿ ಇರುತ್ತಿತ್ತು. ನಮ್ಮ ಕಡಲಗಾಳಿಯ ತೇವಕ್ಕೆ ಆ ಹುಡಿ ಗಂಟು ಕಟ್ಟಿ, ಮೈಕ್ ಇದ್ದಕ್ಕಿದ್ದಂತೆ ಮೂಕಾಗುತ್ತಿತ್ತು. ಅದಕ್ಕೇ ಅವರು ಅದನ್ನು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಸಭೆಗೆ ಮುಂಚೆ ಸ್ವಲ್ಪ ಬಿಸಿಲು ತೋರಿಸಿ, ಬೆರಳ ಗೆಣ್ಣಿನಿಂದ ಎರಡು ಸಲ ಮೆಲ್ಲಗೆ ತಟ್ಟಿ, 'ಏಕ್, ದೋನ್, ತೀನ್' ಎಂದು ಕೊಂಕಣಿಯಲ್ಲಿ ಹತ್ತರವರೆಗೆ ಎಣಿಸುತ್ತಿದ್ದರು. ಆಮೇಲೆ ಎಣಿಸುವುದನ್ನು ಮುಂದುವರಿಸಲು ನನಗೆ ಹೇಳಿ, ತಾವು ಹಾರ್ನ್ ಹತ್ತಿರ ಹೋಗಿ ಅದರ ಅಂಚಿಗೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಆಮೇಲೆ 'ಸರಿ ಉಂಟು' ಎನ್ನುವರು, ಇಲ್ಲವೇ ತಲೆಯಾಡಿಸುವರು.

ನಾನು ಅದನ್ನು ದೊಡ್ಡ ವಿದ್ಯೆ ಎಂದುಕೊಂಡೆ. ಕಿವಿಯಲ್ಲಿ ಕೇಳುವುದು ಯಾರಿಗೂ ಬರುತ್ತದೆ, ಅಂಗೈಯಲ್ಲಿ ಕೇಳುವುದೆಂದರೆ ಸಾಧಾರಣವೇ? ಒಂದು ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ನಾನೂ ಹಾರ್ನ್‌ಗೆ ಕೈಯಿಟ್ಟು ಕಣ್ಣು ಮುಚ್ಚಿ ನಿಂತೆ. ಗ್ರೆಗರಿ ಬಾಬ್ ಬಂದದ್ದು ಗೊತ್ತಾಗಲಿಲ್ಲ.

"ಎಂತ ಮಾಡ್ತಿದ್ದೀ ಫಿಲಿಪ್?"

"ಟೆಸ್ಟ್ ಮಾಡ್ತಿದ್ದೇನೆ ಬಾಬ್."

"ಬ್ಯಾಟರಿಗೆ ವಯರ್ ಕೊಟ್ಟಿಲ್ಲ ಮಾರಾಯ."

ಅಲ್ಲಿಂದ ನನ್ನ ಗೊಂದಲ ಹೆಚ್ಚುತ್ತಲೇ ಹೋಯಿತು. ಇಸಿದೋರ್ ಬಾಬ್ ಒಮ್ಮೆ ನನ್ನ ಮಾತಿಗೆ ಸರಿಯಾಗಿ ಉತ್ತರ ಕೊಡುವರು, ಇನ್ನೊಮ್ಮೆ ನಾನೊಂದು ಕೇಳಿದರೆ ಅವರೊಂದು ಹೇಳುವರು. 'ಬ್ಯಾಟರಿ ಎಲ್ಲಿ?' ಎಂದರೆ 'ಊಟ ಆಯ್ತು' ಎನ್ನುವರು. ನಾನು ಎದುರಿಗೆ ನಿಂತಾಗ ಒಳ್ಳೆಯವರು, ಬೆನ್ನ ಹಿಂದೆ ನಿಂತಾಗ ಗರ್ವಿಷ್ಠರು. ದೊಡ್ಡವರಿಗೆ ಗುಮಾಸ್ತನ ಮೇಲೆ ಅಷ್ಟು ತಾತ್ಸಾರ ಇರುವುದೇ ಎಂದು ನಾನು ಒಳಗೊಳಗೇ ಕುದಿದೆ. ಒಂದು ವಾರ ನಾನೂ ಉತ್ತರ ಕೊಡದೆ ಸೇಡು ತೀರಿಸಿಕೊಂಡೆ. ಅದು ಅವರಿಗೆ ಗೊತ್ತೇ ಆಗಲಿಲ್ಲವೆಂದು ಆಮೇಲೆ ತಿಳಿಯಿತು.

ಉರ್ವದಲ್ಲಿ ಒಂದು ಮದುವೆ. ಚಪ್ಪರ ಸಣ್ಣದು, ಹಾರ್ನ್ ದೊಡ್ಡದು. ಇಸಿದೋರ್ ಬಾಬ್ ಮೈಕ್ ಹಿಡಿದು ಜನರನ್ನೇ ಕೇಳಿದರು, "ಕೇಳ್ತದಾ?" ಕೇಳುತ್ತದೆ ಎನ್ನಲು ಒಬ್ಬ ತುಳುವಿನಲ್ಲಿ 'ಕೇಣುಂಡು' ಎಂದ, ಇನ್ನೊಬ್ಬ ಬೇರೆ ಯಾವುದಕ್ಕೋ ಇಲ್ಲ ಎನ್ನಲು 'ಇಜ್ಜಿ' ಎಂದ, ಹೆಂಗಸರ ಕಡೆಯಿಂದ ಕೊಂಕಣಿಯಲ್ಲಿ ಇನ್ನೇನೋ ಬಂತು. ಅಷ್ಟರಲ್ಲಿ ಸದ್ದು ತಡೆಯಲಾರದೆ ಮುಂದಿನ ಸಾಲಿನ ಮುದುಕರು ಕಿವಿಗೆ ಕೈ ಮುಚ್ಚಿಕೊಂಡರು. ಇವರು ಅದನ್ನು ನೋಡಿ ತಲೆಯಾಡಿಸಿ ಸದ್ದನ್ನು ಇನ್ನೂ ಏರಿಸಿದರು. ಮುದುಕರು ಇನ್ನೂ ಗಟ್ಟಿಯಾಗಿ ಕೈ ಒತ್ತಿದರು. ಇವರು ಇನ್ನೂ ಏರಿಸಿದರು. ಅವರು ಕಿವಿಗೆ ಕೈಯಿಟ್ಟದ್ದು ಕೇಳುವುದಿಲ್ಲ ಎನ್ನಲಿಕ್ಕೆ ಎಂದು ಇವರು ತಿಳಿದಿದ್ದರು. ಮದುಮಗಳ ಅಜ್ಜಿ ಎದ್ದು ರಸ್ತೆಗೆ ನಡೆದರು, ಊಟಕ್ಕೂ ಒಳಗೆ ಬರಲಿಲ್ಲ.

ಅದಾಗಿ ಒಂದು ತಿಂಗಳಿಗೆ ಫಳ್ನೀರಿನ ಒಂದು ಮನೆಯಂಗಳದಲ್ಲಿ ಯಾರದೋ ಸನ್ಮಾನ. ಅಲ್ಲಿ ಹಾರ್ನನ್ನು ಮನೆಯ ಹೆಂಚಿನ ಮಾಡಿನ ಮೇಲೆ ಕಟ್ಟಿದ್ದರು, ಕೈಗೆ ಎಟುಕುತ್ತಿರಲಿಲ್ಲ. ಭಾಷಣ ಚೆನ್ನಾಗಿ ನಡೆಯುತ್ತಿತ್ತು. ಜನರಿಗೆ ಬೇಸರ ಬಂದು ಸಪ್ಪೆ ಮುಖ ಮಾಡಿಕೊಂಡು ಕೂತಿದ್ದರು. ಇಸಿದೋರ್ ಬಾಬ್ ಆ ಮುಖಗಳನ್ನು ನೋಡಿದರು, ಮೈಕ್ ಸತ್ತಿದೆ ಎಂದು ತೀರ್ಮಾನಿಸಿದರು, ಎದ್ದು ಹೋಗಿ ಭಾಷಣಕಾರರ ಬಾಯಿಯ ಮುಂದಿನಿಂದ ಅದನ್ನು ಎತ್ತಿಕೊಂಡು ಬಂದು ಬಿಚ್ಚಿಬಿಟ್ಟರು. ಇದ್ದಿಲ ಹುಡಿಯೆಲ್ಲ ಅಂಗಳಕ್ಕೆ ಚೆಲ್ಲಿತು. ಹೊಸ ಹುಡಿಯನ್ನು ಮದರಾಸಿನಿಂದಲೇ ತರಿಸಬೇಕಾಯಿತು.

ಮರುದಿನ ಗ್ರೆಗರಿ ಬಾಬ್ ಅವರನ್ನು ಎದುರಿಗೆ ನಿಲ್ಲಿಸಿ, ಮೇಜು ಕುಟ್ಟಿ ಹೇಳಿದರು, "ಇನ್ನೊಂದು ಸಲ ಹೀಗೆ ಆದರೆ ಮೈಕ್ ಫಿಲಿಪ್‌ನ ಕೈಗೆ. ನೀನು ಮನೆಯಲ್ಲಿ ಕೂತ್ಕೋ." ಇಸಿದೋರ್ ಬಾಬ್ ಅವರ ಮುಖ ಬಿಳಿಚಿಕೊಂಡಿತು.

ನನ್ನ ವಿಷಯವನ್ನೂ ಮುಚ್ಚಿಡುವುದಿಲ್ಲ. ನನಗೆ ಆ ಮೈಕ್ ಬೇಕಿತ್ತು. ಬಿಲ್ಲು ಬರೆಯುವವನನ್ನು ಯಾರು ನೋಡುತ್ತಾರೆ? ಮೈಕಿನವರಿಗೆ ವೇದಿಕೆಯ ಮೇಲೆ ಜಾಗ, ಮೊದಲು ಬರುವ ಚಹಾ ಅವರಿಗೆ, ಅವರು ಎದ್ದು ಬಂದು ತಟ್ಟುವವರೆಗೆ ಎಂಥ ದೊಡ್ಡ ಮನುಷ್ಯನಾದರೂ ಬಾಯಿ ತೆರೆಯುವ ಹಾಗಿಲ್ಲ. ನನಗೆ ಇಪ್ಪತ್ತಾರು ವರ್ಷ, ಹುಡುಗಿ ನೋಡುತ್ತಿದ್ದರು. ಇಸಿದೋರ್ ಬಾಬ್ ಇನ್ನೊಮ್ಮೆ ಎಡವಲಿ ಎಂದು ನಾನು ಬಾಯಿಬಿಟ್ಟು ಬೇಡಿಕೊಳ್ಳಲಿಲ್ಲ, ಆದರೆ ಎಡವಿದರೆ ಅಳುವವನೂ ಆಗಿರಲಿಲ್ಲ.

ಆಗ ಬಂದದ್ದು ದುಗ್ಗಪ್ಪಣ್ಣನ ತಾಳಮದ್ದಳೆ. ದುಗ್ಗಪ್ಪಣ್ಣ ಬೆಂಗ್ರೆಯಲ್ಲಿ ಹುಟ್ಟಿ, ಬಂದರಿನಲ್ಲಿ ಮೀನಿನ ವ್ಯಾಪಾರ ಮಾಡಿ ಮೇಲೆ ಬಂದವರು. ಭಾನುವಾರ ಸಂಜೆ ಬಂದರಿನ ಬಯಲಲ್ಲಿ ಯಕ್ಷಗಾನದ ಒಂದು ಪ್ರಸಂಗ ಇಟ್ಟುಕೊಂಡಿದ್ದರು. ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡುವುದೇ ಆಟ. ಹಾಗಾಗಿ ಮೈಕ್ ಇಲ್ಲದಿದ್ದರೆ ಏನೂ ಇಲ್ಲ. ಅವರ ಷರತ್ತು ಒಂದೇ.

"ಹೊಳೆಯ ಆಚೆ ನಮ್ಮ ಬೆಂಗ್ರೆಯವರಿಗೆ ಮನೆಯ ಜಗಲಿಯಲ್ಲಿ ಕೂತು ಕೇಳಬೇಕು. ಕತ್ತಲಾದ ಮೇಲೆ ದೋಣಿ ಇಲ್ಲ, ಅವರು ಬರುವುದು ಹೇಗೆ? ಅಲ್ಲಿಗೆ ಕೇಳುವುದಿಲ್ಲ ಅಂತಾದರೆ ನಿಮ್ಮ ಮೈಕ್ ನನಗೆ ಬೇಡ."

ಶನಿವಾರ ಗ್ರೆಗರಿ ಬಾಬ್ ನನ್ನನ್ನು ಕರೆದರು. "ನಾಳೆ ಹನ್ನೆರಡಕ್ಕೆ ಇಸಿದೋರ್ ಟೆಸ್ಟ್ ಮಾಡ್ತಾನೆ. ನೀನು ಬೆಂಗ್ರೆಗೆ ಹೋಗಿ ನಿಂತ್ಕೋ. ಕೇಳಿತಾ ಇಲ್ಲವಾ, ಬಂದು ನನಗೆ ಹೇಳು. ಕೇಳದಿದ್ದರೆ ಸೋಮವಾರದಿಂದ ಪೆಟ್ಟಿಗೆ ನಿನ್ನದು." ಇದನ್ನು ಹೇಳುವಾಗ ಗ್ರೆಗರಿ ಬಾಬ್ ಅವರ ಬೆನ್ನ ಹಿಂದೆಯೇ ಇಸಿದೋರ್ ಬಾಬ್ ಕೂತು ವಯರು ಸುತ್ತುತ್ತಿದ್ದರು. ನನಗೆ ನಾಚಿಕೆಯಾಗಿ ಬೆವರಿತು. ಇಸಿದೋರ್ ಬಾಬ್ ಮಾತ್ರ ತಲೆಯೆತ್ತದೆ ಸಮಾಧಾನವಾಗಿ ಸುತ್ತುತ್ತಲೇ ಇದ್ದರು. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ದೊಡ್ಡ ಮನಸ್ಸೂ ಇರಬಹುದು, ಆದರೆ ಆವತ್ತಿನದ್ದು ಅದಲ್ಲ.

ಭಾನುವಾರ ಪೂಜೆ ಮುಗಿಸಿ ಬಂದರಿಗೆ ಹೋದೆ. ಬಯಲಿನ ಈ ತುದಿಯಲ್ಲಿ ವೇದಿಕೆ, ಆ ತುದಿಯಲ್ಲಿ, ದೋಣಿಗಳು ನಿಲ್ಲುವ ಧಕ್ಕೆಯ ಮೇಲೆ, ಒಂದು ಎತ್ತರದ ಕಂಬ, ಕಂಬದ ನೆತ್ತಿಯಲ್ಲಿ ಬೆಂಗ್ರೆಗೆ ಮುಖ ಮಾಡಿದ ಹಾರ್ನ್. ಕೈಯಿಟ್ಟು ನೋಡಬೇಕಾದರೆ ತೆಂಗಿನ ಮರ ಹತ್ತುವವರೇ ಬೇಕು. ಇಸಿದೋರ್ ಬಾಬ್ ಅದನ್ನು ನೋಡುತ್ತ ನಿಂತಿದ್ದರು. ನಮ್ಮಿಬ್ಬರ ಮಾತೆಲ್ಲ ಕೊಂಕಣಿಯಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹನ್ನೆರಡಕ್ಕೆ ಸರಿಯಾಗಿ ಎಣಿಸಲಿಕ್ಕೆ ಶುರು ಮಾಡ್ತೇನೆ. ಒಂದರಿಂದ ಹತ್ತು, ಪುನಃ ಒಂದರಿಂದ ಹತ್ತು. ಕೇಳಿದ ಕೂಡಲೇ ನಿನ್ನ ಬೈರಾಸು ಬೀಸು. ಕೇಳದಿದ್ದರೆ ಸುಮ್ಮನೆ ನಿಲ್ಲು," ಎಂದರು. ಬೈರಾಸು ಎಂದರೆ ನಮ್ಮ ಊರಿನ ಟವೆಲು.

"ಬೈರಾಸು ಯಾಕೆ ಬಾಬ್? ಅಲ್ಲಿಂದ ಕೂಗಿದರೆ ಆಗುವುದಿಲ್ವಾ? ನೀರಿನ ಮೇಲೆ ದನಿ ಚೆನ್ನಾಗಿ ಬರ್ತದೆ."

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. "ಕೂಗುವುದು ಬೇಡ," ಎಂದರು ಗಡಿಬಿಡಿಯಲ್ಲಿ. "ಬೈರಾಸು. ದೊಡ್ಡದು, ಬಿಳಿಯದ್ದು."

ಕಡವಿನಲ್ಲಿ ರವೂಫ್ ಬ್ಯಾರಿಯ ದೋಣಿ ಇತ್ತು. ಅದು ತುಂಬದೆ ಹೊರಡುವ ದೋಣಿಯಲ್ಲ. ಎರಡು ಬುಟ್ಟಿ ಬದನೆ ಬಂತು, ಒಬ್ಬಳು ಬಾಣಂತಿ ಬಂದಳು, ಒಂದು ಆಡು ಬಂತು, ಆಡಿನ ಯಜಮಾನ ಬರಲಿಲ್ಲ. ನಾನು ಗಡಿಯಾರ ತೋರಿಸಿದರೆ ರವೂಫ್ ಬ್ಯಾರಿ ಆಡನ್ನು ತೋರಿಸಿದರು. ಕೊನೆಗೆ ಹೊರಟಾಗ ಹನ್ನೆರಡು ಹೊಡೆದು ಹೋಗಿತ್ತು. ನಡುಹೊಳೆಗೆ ಬಂದರೂ ಹಾರ್ನಿನಿಂದ ಒಂದು ಸದ್ದಿಲ್ಲ. ಅವರು ಇನ್ನೂ ಶುರು ಮಾಡಿಲ್ಲವೋ, ಶುರು ಮಾಡಿದ್ದು ಕೇಳುತ್ತಿಲ್ಲವೋ ನನಗೆ ತಿಳಿಯಲಿಲ್ಲ. ಬೆಂಗ್ರೆಯಲ್ಲಿ ಇಳಿದಾಗ ಹನ್ನೆರಡೂ ಇಪ್ಪತ್ತು. ರವೂಫ್ ಬ್ಯಾರಿ ಈ ಕಡೆಯ ಜನರನ್ನು ತುಂಬಿಸಿಕೊಂಡು ತಿರುಗಿ ಹೋದರು. ನಾನು ಬೈರಾಸು ಕೈಯಲ್ಲಿ ಹಿಡಿದು ಮರಳಲ್ಲಿ ನಿಂತೆ.

ದಡದಲ್ಲಿ ಹೆಂಗಸರು ಮೀನು ಒಣಹಾಕುತ್ತಿದ್ದರು. ಅವರಲ್ಲಿ ಬಾಗಿ ಎಂಬವಳು ಬಂದು "ಈರ್ ಏರ್?" ಎಂದು ತುಳುವಿನಲ್ಲಿ ನಾನು ಯಾರೆಂದು ವಿಚಾರಿಸಿದಳು. ಸಂಜೆಯ ಪ್ರಸಂಗ ಇಲ್ಲಿಗೆ ಕೇಳುತ್ತದೋ ಎಂದು ನೋಡಲು ಬಂದವನು ಎಂದೆ. ಅವಳಿಗೆ ಖುಷಿಯಾಗಿ ಒಂದು ಬುಟ್ಟಿ ಕವುಚಿ ಹಾಕಿ ಕೂರಲು ಹೇಳಿದಳು. ಹತ್ತು ನಿಮಿಷ ಕಳೆಯಿತು. ಹೊಳೆಯ ಆಚೆ ವೇದಿಕೆಯಲ್ಲಿ ಒಂದು ಸಣ್ಣ ಬಿಳಿ ಆಕೃತಿ ಮೈಕಿನ ಮುಂದೆ ನಿಂತದ್ದು ಕಾಣುತ್ತಿತ್ತು, ಸದ್ದು ಮಾತ್ರ ಇಲ್ಲ. ಹಾಗಾದರೆ ಮೈಕ್ ಸತ್ತಿದೆ. ಸೋಮವಾರ, ಎಂದು ನನ್ನ ಮನಸ್ಸು ಹೇಳಿತು. ನನಗೆ ಸಂತೋಷವಾಯಿತು. ಅದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ, ಆದರೆ ಆದದ್ದು ಸಂತೋಷವೇ.

ಅಷ್ಟರಲ್ಲಿ 'ಟಕ್, ಟಕ್!' ಹೊಳೆಯ ಮೇಲೆ ಯಾರೋ ಬಾಗಿಲು ಬಡಿದಂತಾಯಿತು. ಮೀನಿಗೆ ಕಾದಿದ್ದ ಕಾಗೆಗಳೆಲ್ಲ ಎದ್ದವು. ಇಸಿದೋರ್ ಬಾಬ್ ಸಿಟ್ಟಿನಲ್ಲಿ ಎಂದಿಗಿಂತ ಜೋರಾಗಿ ತಟ್ಟಿರಬೇಕು. ಗಂಟು ಕಟ್ಟಿದ ಹುಡಿ ಸಡಿಲಾಗಿ ಮೈಕಿಗೆ ಜೀವ ಬಂದ ಸದ್ದು ಅದು. ಅದು ಅವರಿಗೆ ಗೊತ್ತಾಗಲಿಲ್ಲ. ನಾನು ಬೈರಾಸು ಎತ್ತಬೇಕು, ಅಷ್ಟರಲ್ಲಿ ದನಿ ಬಂತು. ಎಣಿಕೆಯಲ್ಲ.

"ಸಾಂತ್ ಆಂತೊನಿ," ಎಂದಿತು ಹಾರ್ನ್, ಕೊಂಕಣಿಯಲ್ಲಿ. ನಮ್ಮವರಲ್ಲಿ ಏನು ಕಳೆದುಹೋದರೂ ಮೊರೆಯಿಡುವುದು ಆ ಸಂತನಿಗೆ. "ನೀನು ನನಗೆ ಕತ್ತರಿ ಹುಡುಕಿ ಕೊಟ್ಟಿದ್ದೀ. ವೆರೋನಿಕಾಳ ಉಂಗುರ ಬಾವಿಕಟ್ಟೆಯಲ್ಲಿ ತೋರಿಸಿ ಕೊಟ್ಟಿದ್ದೀ. ಎರಡು ವರ್ಷದಿಂದ ನನ್ನ ಕಿವಿ ಕಳೆದುಹೋಗಿದೆ. ಅದನ್ನು ಯಾಕೆ ಹುಡುಕುವುದಿಲ್ಲ? ಸತ್ತದ್ದು ಮೈಕೋ ಕಿವಿಯೋ ನನಗೆ ಗೊತ್ತಾಗುವುದಿಲ್ಲ ಸ್ವಾಮೀ. ಹೆಂಡತಿ ವೆರೋನಿಕಾಳಿಗೂ ಹೇಳಿಲ್ಲ. ಅವಳು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತೇನೆ. ಮೊನ್ನೆ ನಾನು ಹೂಂ ಅಂದದ್ದಕ್ಕೆ ಅವಳು ಅತ್ತಳು. ಯಾಕೆ ಅಂತ ಇವತ್ತಿಗೂ ತಿಳಿಯದು. ಇದೊಂದು ಕೆಲಸ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ಎರಡೂ ಕಿವಿ ಬೇಡ. ಒಂದು ಸಾಕು. ಎಡದ್ದಾದರೂ ಆದೀತು."

ನನಗೆ ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅಂಗೈ ಇಟ್ಟದ್ದು, ಊಟ ಆಯ್ತು ಅಂದದ್ದು, ತುಟಿ ನೋಡಿದ್ದು, ಬೆನ್ನ ಹಿಂದಿನ ಗರ್ವ. ಒಂದು ವಾರ ಆ ಮನುಷ್ಯನ ಮೇಲೆ ನಾನು ತೀರಿಸಿಕೊಂಡ ಸೇಡು. ಬುಟ್ಟಿಯ ಮೇಲಿಂದ ಎದ್ದವನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನೀರಿಗೆ ಎರಡು ಹೆಜ್ಜೆ ಇಳಿದೆ.

"ಪೊರ್ಬುಲೇ, ಪ್ರಸಂಗ ಮಧ್ಯಾಹ್ನವೇ ಶುರು ಆಯ್ತಾ?" ಎಂದಳು ಬಾಗಿ, ತುಳುವರು ಕ್ರೈಸ್ತ ಗಂಡಸರನ್ನು ಕರೆಯುವ ಮರ್ಯಾದೆಯಲ್ಲಿ.

ನಾನು ಕಣ್ಣು ಕಣ್ಣು ಬಿಟ್ಟೆ.

"ಕಾನ್ ಕಾನ್ ಅಂತ ಹೇಳ್ತಾರಲ್ಲ. ರಾಜ ಕಾಡಿಗೆ ಹೋದನಾ?"

ಕೊಂಕಣಿಯಲ್ಲಿ ಕಿವಿಗೆ ಕಾನ್ ಎನ್ನುತ್ತೇವೆ. ಪ್ರಸಂಗದವರು ಕಾಡಿಗೆ ಕಾನನ ಎನ್ನುತ್ತಾರೆ. ಬಾಗಿಗೆ ಕೊಂಕಣಿ ಬರುವುದಿಲ್ಲ, ಪ್ರಸಂಗದ ದೊಡ್ಡ ಕನ್ನಡವೂ ಅವಳಿಗೆ ಅರ್ಧಂಬರ್ಧ. ಎರಡರಲ್ಲಿ ಯಾವುದು ಹಾರ್ನಿನಿಂದ ಬಂದರೂ ಅವಳು ಭಕ್ತಿಯಿಂದ ಕೇಳುವವಳು.

"ಹೌದು," ಎಂದೆ. "ಹೋದ."

"ಪಾಪ, ಎಷ್ಟು ಬೇಜಾರಲ್ಲಿ ಹೋಗ್ತಾನೆ. ಒಬ್ಬನೇ ಹೋಗುವುದಾ? ಹೆಂಡತಿಗೆ ಹೇಳದೆ?"

"ಹೇಳದೆ," ಎಂದೆ.

ಈಗ ಬೈರಾಸಿನ ಪ್ರಶ್ನೆ. ಬೀಸಿದರೆ ಮೈಕ್ ಸರಿಯಿದೆ ಎಂದು ಅವರಿಗೆ ತಿಳಿಯುತ್ತದೆ. ಅವರ ಪ್ರಾರ್ಥನೆ ನನಗೆ ಕೇಳಿತು ಎಂದೂ ತಿಳಿಯುತ್ತದೆ. ಬೀಸದಿದ್ದರೆ ಮೈಕ್ ಸತ್ತಿದೆ ಎಂದುಕೊಳ್ಳುತ್ತಾರೆ. ಆ ಮನುಷ್ಯನ ಮರ್ಯಾದೆ ಉಳಿಸಬೇಕೋ ಕೆಲಸ ಉಳಿಸಬೇಕೋ ಎಂದು ನಾನು ನೀರಲ್ಲಿ ನಿಂತು ಒದ್ದಾಡುವಾಗ ಹಾರ್ನಿನಿಂದ ಬೇರೆಯೇ ಸದ್ದು ಬಂತು. 'ಕರ್, ಕರ್, ಕರ್.' ಸ್ಕ್ರೂಡ್ರೈವರ್! ಅವರು ಮೈಕ್ ಬಿಚ್ಚುತ್ತಿದ್ದರು. ಬಿಚ್ಚಿದರೆ ಹುಡಿ ಚೆಲ್ಲುತ್ತದೆ, ಸಂಜೆಗೆ ಮೈಕೇ ಇಲ್ಲ.

ನಾನು ಹುಚ್ಚನ ಹಾಗೆ ಬೈರಾಸು ಬೀಸಿದೆ. ಬಿಳಿ ಆಕೃತಿ ಒಮ್ಮೆ ತಲೆಯೆತ್ತಿತು. ಅದೇ ಹೊತ್ತಿಗೆ ಆಚೆಯ ದಡದಿಂದ ರವೂಫ್ ಬ್ಯಾರಿ ಖಾಲಿ ದೋಣಿ ತಳ್ಳಿಕೊಂಡು ಹೊರಟರು. ಬೆಂಗ್ರೆಯಲ್ಲಿ ಯಾರಾದರೂ ಬೈರಾಸು ಬೀಸಿದರೆ ದೋಣಿ ಬೇಕು ಎಂದೇ ಅರ್ಥ. ಅದು ಅಜ್ಜನ ಕಾಲದಿಂದ ನಡೆದು ಬಂದದ್ದು, ನಾವಿಬ್ಬರೂ ಅದನ್ನು ಯೋಚಿಸಿಯೇ ಇರಲಿಲ್ಲ. ಇಸಿದೋರ್ ಬಾಬ್ ದೋಣಿಯನ್ನು ನೋಡಿದರು, ನನ್ನನ್ನು ನೋಡಿದರು, ಕಾದು ಬೇಸತ್ತು ನಾನು ದೋಣಿ ಕರೆಯುತ್ತಿದ್ದೇನೆ ಎಂದುಕೊಂಡರು. 'ಕರ್, ಕರ್' ಪುನಃ ಶುರುವಾಯಿತು.

"ಬಾಗೀ, ಅವರು ಮೈಕ್ ಹಾಳು ಮಾಡ್ತಿದ್ದಾರೆ! ಇಲ್ಲಿ ಕೇಳ್ತದೆ ಅಂತ ಅವರಿಗೆ ಗೊತ್ತಾಗಬೇಕು!"

ಬಾಗಿ ಕಾರಣ ಕೇಳುತ್ತ ನಿಲ್ಲುವವಳಲ್ಲ. ಹೆಗಲ ಮೇಲಿದ್ದ ಬಟ್ಟೆ ಎಳೆದು ಬೀಸಿದಳು, ಉಳಿದವರನ್ನೂ ಕೂಗಿದಳು. ಮೀನಿನ ಹೆಂಗಸರೆಲ್ಲ ಸಾಲಾಗಿ ನಿಂತು ಬಟ್ಟೆ, ಗೋಣಿ, ಬುಟ್ಟಿ, ಕೈಗೆ ಸಿಕ್ಕಿದ್ದನ್ನು ಎತ್ತಿ ಬೀಸಿದರು. ಹತ್ತು ಜನ ಸಾಲಾಗಿ ನಿಂತು ದೋಣಿ ಕರೆಯುವುದುಂಟೇ? ಕರ್ ಕರ್ ನಿಂತಿತು. ಬಿಳಿ ಆಕೃತಿ ಮೈಕಿನ ಮುಂದೆ ನೆಟ್ಟಗೆ ನಿಂತಿತು. ಆಮೇಲೆ ತುಂಬ ಸಣ್ಣ ದನಿಯಲ್ಲಿ, "ಫಿಲಿಪ್?" ಎಂದಿತು ಹಾರ್ನ್.

ನಾನು ಬೈರಾಸನ್ನು ಒಂದೇ ಸಲ ಬೀಸಿದೆ. ಹಾರ್ನ್ ಸುಮ್ಮನಾಯಿತು. ಬ್ಯಾಟರಿಯ ವಯರು ತೆಗೆದಿರಬೇಕು.

ರವೂಫ್ ಬ್ಯಾರಿ ಬಂದಾಗ ಹೆಂಗಸರು ಯಾರೂ ದೋಣಿ ಹತ್ತಲಿಲ್ಲ. ನಾನೊಬ್ಬನೇ ಹತ್ತಿದೆ. ಬೈಗುಳಕ್ಕೆ ಸಿದ್ಧನಾಗಿ ಕೂತೆ. ತುಂಬದೆ ಹೊರಡದ ದೋಣಿ ಅಂದು ನನ್ನೊಬ್ಬನಿಗಾಗಿ ಹೊರಟಿತು. ನಡುಹೊಳೆಯಲ್ಲಿ ಅವರು ಹುಟ್ಟು ನಿಲ್ಲಿಸಿದರು.

"ನನಗೆ ಕೊಂಕಣಿ ಬರುವುದಿಲ್ಲ ಪೊರ್ಬುಗಳೇ," ಎಂದರು. ನಾನು ಅದನ್ನು ವಿಚಾರಿಸಿಯೇ ಇರಲಿಲ್ಲ. ಮೂವತ್ತು ವರ್ಷ ನಮ್ಮವರನ್ನು ದೋಣಿಯಲ್ಲಿ ದಾಟಿಸಿದ ಮನುಷ್ಯ, ಆಡಿಗೆ ಬೈಯುವಾಗಲೂ ಕೊಂಕಣಿ ಬಳಸುವವರು. "ಧಕ್ಕೆಯಲ್ಲಿ ಆಗ ನಾನಲ್ಲದೆ ಯಾರೂ ಇರಲಿಲ್ಲ. ಎಲ್ಲ ಊಟಕ್ಕೆ ಹೋಗಿದ್ದರು. ನನಗೆ ಏನೂ ತಿಳಿಯಲಿಲ್ಲ."

ಇಷ್ಟು ಹೇಳಿ ಪುನಃ ಹುಟ್ಟು ಹಾಕಿದರು. ಆ ದೋಣಿಯಲ್ಲಿ ನನ್ನಷ್ಟು ಸಣ್ಣ ಮನುಷ್ಯ ಅದುವರೆಗೆ ಕೂತಿರಲಿಕ್ಕಿಲ್ಲ.

ಇಸಿದೋರ್ ಬಾಬ್ ಬ್ಯಾಟರಿ ಪೆಟ್ಟಿಗೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ಫ್ಲಾನೆಲ್ಲಿನಲ್ಲಿ ಸುತ್ತಿದ ಮೈಕ್.

"ಕೇಳಿತಾ?" ಎಂದರು.

ದೋಣಿಯಲ್ಲಿ ಉತ್ತರ ಸಿದ್ಧ ಮಾಡಿಕೊಂಡೇ ಬಂದಿದ್ದೆ. "ಕೇಳಿತು ಬಾಬ್. ಒಂದರಿಂದ ಹತ್ತು, ಎಲ್ಲ ಸ್ಪಷ್ಟ."

ಅವರು ನನ್ನ ತುಟಿಯಿಂದ ಕಣ್ಣಿಗೆ ನೋಟ ಎತ್ತಿದರು. "ಎಣಿಸುವಾಗ ನೀನು ಬೈರಾಸು ಬೀಸಲಿಲ್ಲ ಫಿಲಿಪ್."

ಸುಳ್ಳು ಹೇಳುವುದರಲ್ಲೂ ನಾನು ಬರೀ ಗುಮಾಸ್ತ. ಅವರ ಎದುರಿಗೆ ಮರಳಲ್ಲಿ ಕೂತೆ, ತುಟಿ ಕಾಣುವ ಹಾಗೆ ಮುಖ ಎತ್ತಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ. ಬಾಗಿಯ ಕಾಡಿನ ವಿಷಯ ಹೇಳಿದೆ. ರಾಜ ಒಬ್ಬನೇ ಕಾಡಿಗೆ ಹೋದದ್ದು, ಅವಳು ಪಾಪ ಅಂದದ್ದು. ಮೂರು ಸಲ ಹೇಳಿಸಿಕೊಂಡರು. ಮೂರನೆಯ ಸಲ ಅವರಿಗೆ ನಗು ಬಂತು, ನಗುತ್ತ ನಗುತ್ತ ಫ್ಲಾನೆಲ್ಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಇನ್ನು ಗ್ರೆಗರಿ ಬಾಬ್‌ಗೆ ಏನು ಹೇಳುತ್ತೀ ಎಂದು ಕೇಳುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಬೇರೆ.

"ನೀನು ಮನೆಗೆ ಬಂದು, ವೆರೋನಿಕಾ ಮೊನ್ನೆ ಯಾಕೆ ಅತ್ತಳು ಅಂತ ಅವಳನ್ನು ಕೇಳಿ ನನಗೆ ಹೇಳ್ತೀಯಾ?"

"ನೀವೇ ಕೇಳಿ ಬಾಬ್," ಎಂದೆ. "ಹೀಗೆ ಎದುರಿಗೆ ಕೂತು. ದೀಪ ಅವರ ಮುಖದ ಹತ್ರ ಇಟ್ಟುಕೊಳ್ಳಿ."

ಅವರು ಮೈಕಿಗೆ ಫ್ಲಾನೆಲ್ಲನ್ನು ಇನ್ನೊಂದು ಸುತ್ತು ಸುತ್ತಿದರು. ಆಮೇಲೆ ಕೆಲಸದ ದನಿಯಲ್ಲಿ, "ಕತ್ತಲಲ್ಲಿ ಬೈರಾಸು ಕಾಣುವುದಿಲ್ಲ. ನೀನು ಸಂಜೆ ಮೊದಲ ಸಾಲಿನಲ್ಲಿ ಕೂತ್ಕೋ. ಚೆನ್ನಾಗಿ ಕೇಳಿದರೆ ಮೂಗು ಮುಟ್ಟು. ಜಾಸ್ತಿ ಆದರೆ ಗಡ್ಡ ಮುಟ್ಟು. ಕೇಳದಿದ್ದರೆ ಸುಮ್ಮನಿರು," ಎಂದರು.

ಅಂಗಡಿಗೆ ಹೋದೆ. ಗ್ರೆಗರಿ ಬಾಬ್ ತಲೆಯೆತ್ತದೆ ಕೇಳಿದರು, "ಬೆಂಗ್ರೆಗೆ ಕೇಳಿತಾ?"

'ಇಲ್ಲ' ಎಂಬ ಒಂದು ಮಾತು ಸಾಕಿತ್ತು. ಸೋಮವಾರ ಅಲ್ಲೇ ಮೇಜಿನ ಮೇಲಿತ್ತು.

"ಕೇಳಿತು ಬಾಬ್."

"ಚೆನ್ನಾಗಿ?"

"ಚೆನ್ನಾಗಿ."

"ಹಾಗಾದರೆ ಬಿಲ್ಲು ಬರಿ ಹೋಗು," ಎಂದರು.

ಅಂದಿನಿಂದ ಹನ್ನೊಂದು ವರ್ಷ ಮಂಗಳೂರಿನ ಸಭೆಗಳಲ್ಲಿ ನಾನು ಮೊದಲ ಸಾಲಿನಲ್ಲಿ ಮೂಗು ಮುಟ್ಟಿಕೊಂಡು ಕೂತೆ. ಫಿಲಿಪ್‌ಗೆ ನೆಗಡಿ ಬಿಡುವುದಿಲ್ಲ ಎಂದು ಊರವರು ಕಷಾಯ ಹೇಳಿದರು. ನನ್ನ ಹೆಂಡತಿಯೂ ಬಹಳ ದಿನ ಅದನ್ನೇ ನಂಬಿದ್ದಳು. ಆ ಹನ್ನೊಂದು ವರ್ಷದಲ್ಲಿ ಇಸಿದೋರ್ ಬಾಬ್ ಒಂದೇ ಒಂದು ಸಲವೂ ಸರಿಯಿದ್ದ ಮೈಕನ್ನು ಬಿಚ್ಚಲಿಲ್ಲ. ವೆರೋನಿಕಾ ಬಾಯ್ ಯಾಕೆ ಅತ್ತಿದ್ದರು ಎಂದು ಅವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಆ ಮೇಲೆ ಅವರ ಮನೆಗೆ ಹೋದಾಗಲೆಲ್ಲ ಗಂಡ ಹೆಂಡತಿಯ ಕುರ್ಚಿಗಳು ಎದುರುಬದುರು ಇರುತ್ತಿದ್ದವು.

ಇಸಿದೋರ್ ಬಾಬ್ ತೀರಿಕೊಂಡ ಮರುವಾರ ಮೈಕ್ ನನ್ನ ಕೈಗೆ ಬಂತು. ಉರ್ವದಲ್ಲಿ ಒಂದು ಸಭೆ. ಹಾರ್ನ್ ಕೈಗೆಟುಕುವಲ್ಲೇ ಇತ್ತು. ಎರಡು ಸಲ ತಟ್ಟಿ, ಏಕ್, ದೋನ್, ತೀನ್ ಎಂದೆ. ನನ್ನ ಕಿವಿ ಗಟ್ಟಿಯಿದೆ, ನನಗೆ ಎಲ್ಲ ಚೆನ್ನಾಗಿ ಕೇಳುತ್ತಿತ್ತು. ಆದರೂ ಹತ್ತರವರೆಗೆ ಎಣಿಸಿ, ಪುನಃ ಒಂದರಿಂದ ಎಣಿಸಿ, ಮೊದಲ ಸಾಲನ್ನೇ ನೋಡುತ್ತ ನಿಂತೆ. ಅಲ್ಲಿ ಮೂಗು ಮುಟ್ಟುವವರು ಯಾರೂ ಇರಲಿಲ್ಲ.